ತಳಕ್ಕೆ ಏನು ಹಾಕಬೇಕು, ಸರ್?

ನನ್ನ ಮೇಜಿನ ಖಾನೆಯಲ್ಲಿ ಒಂದು ಬೆಂಕಿಪೊಟ್ಟಣವಿದೆ. ನನಗೆ ಬೀಡಿ, ಸಿಗರೇಟಿನ ಅಭ್ಯಾಸವಿಲ್ಲ. ಪ್ರಯೋಗಾಲಯದ ದೀಪ ಹಚ್ಚಲು ಲೈಟರ್ ಬಂದು ಎಷ್ಟೋ ವರ್ಷವಾಯಿತು. ಆದರೂ ಆ ಪೊಟ್ಟಣವನ್ನು ಎಸೆದಿಲ್ಲ. ಅದರೊಳಗೆ ಕಡ್ಡಿಗಳಿಲ್ಲ, ಒಂಬತ್ತು ಸಣ್ಣ ಕಲ್ಲುಗಳಿವೆ. ಐದು ನೀಲಿ, ನಾಲ್ಕು ಬಿಳಿ. ಒಂದೊಂದೂ ಕಡಲೆಬೇಳೆಯಷ್ಟು, ಹೆಚ್ಚೆಂದರೆ ಬಟಾಣಿಯಷ್ಟು ಗಾತ್ರದ್ದು. ನಾನು ಒಬ್ಬ ಹುಡುಗಿಗೆ ಕೊಟ್ಟ ಒಂದು ಉತ್ತರದಿಂದ ಬಂದ ಕಲ್ಲುಗಳು ಅವು.

ಇಪ್ಪತ್ತೆಂಟು ವರ್ಷಗಳಿಂದ ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಹೆಸರಿನ ಹಿಂದೆ ಬಿ.ಎಸ್ಸಿ., ಬಿ.ಎಡ್. ಎಂಬ ಬಾಲವಿದೆ. ಮಕ್ಕಳು ಏನು ಕೇಳಿದರೂ ಥಟ್ಟನೆ ಉತ್ತರ ಹೇಳಬೇಕು, ತಡವರಿಸಿದರೆ ಮೇಷ್ಟ್ರ ಮರ್ಯಾದೆ ಹೋಯಿತು ಎಂದು ನಂಬಿಕೊಂಡು ಬಂದವನು ನಾನು. ನಮ್ಮ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಗಾಜಿನ ಮೀನುತೊಟ್ಟಿ ಇದೆ. ಅದರ ತಳದಲ್ಲಿ ಎರಡು ಅಂಗುಲ ದಪ್ಪ ಸಣ್ಣಕಲ್ಲಿನ ಹಾಸು. ಆ ತೊಟ್ಟಿಯಲ್ಲಿ ಗೋಲ್ಡ್ ಫಿಷ್‌ಗಳು ವರ್ಷಗಟ್ಟಲೆ ಬದುಕಿವೆ. ಹಾಗಾಗಿ ಮೀನುತೊಟ್ಟಿಯ ವಿಷಯ ನನಗೆ ಚೆನ್ನಾಗಿ ಗೊತ್ತು ಎಂಬುದು ಶಾಲೆಯಲ್ಲೆಲ್ಲ ಪ್ರಸಿದ್ಧ. ನನಗೂ ಆ ಬಗ್ಗೆ ಸಂದೇಹವಿರಲಿಲ್ಲ.

ಒಂದು ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಓಡಿ ಬಂದಳು.

"ಸರ್, ನಮ್ಮಪ್ಪ ನನ್ನ ಹುಟ್ಟುಹಬ್ಬಕ್ಕೆ ಎರಡು ಆಕ್ಸೊಲಾಟಲ್ ಕೊಡಿಸ್ತಾರಂತೆ. ತೊಟ್ಟಿ ತಳಕ್ಕೆ ಏನು ಹಾಕಬೇಕು, ಸರ್? ಅಂಗಡಿಯವರು ಕೇಳಿದ್ರು. ನಮ್ಮ ಸರ್‌ನ ಕೇಳ್ಕೊಂಡು ಬರ್ತೀನಿ ಅಂದೆ."

ಆಕ್ಸೊಲಾಟಲ್ ಎಂದರೆ ನೀರಿನಲ್ಲಿರುವ ಒಂದು ಬಗೆಯ ಸಾಲಮ್ಯಾಂಡರ್ ಎಂದು ಓದಿದ್ದೆ. ಕಾಲು ಕತ್ತರಿಸಿದರೆ ಮತ್ತೆ ಬೆಳೆಯುವ ಪ್ರಾಣಿ ಎಂದು ಪಾಠದಲ್ಲಿ ಹೇಳಿಯೂ ಇದ್ದೆ. ಆದರೆ ಒಂದನ್ನೂ ಕಣ್ಣಾರೆ ಕಂಡವನಲ್ಲ. ಮಕ್ಕಳಿಗೆ ಮಾತ್ರ ಅದು ಮನೆಮಾತು. ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ 2021ರಿಂದ ಅದು ಕಾಣಿಸಿಕೊಂಡಿದೆ. ಗುಲಾಬಿ ಮೈ, ಕತ್ತಿನ ಎರಡೂ ಕಡೆ ಗರಿಯಂಥ ಕಿವಿರು, ಸದಾ ನಗುತ್ತಿರುವಂತೆ ಕಾಣುವ ಬಾಯಿ. ಅಂಥದ್ದನ್ನು ಯಾವ ಮಗು ತಾನೇ ಬೇಡ ಅನ್ನುತ್ತದೆ?

"ಗೊತ್ತಿಲ್ಲಮ್ಮ, ಓದಿ ನೋಡಿ ನಾಳೆ ಹೇಳ್ತೀನಿ" ಎಂದಿದ್ದರೆ ಮುಗಿಯುತ್ತಿತ್ತು. ನಾನು ಹಾಗೆನ್ನಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಕರಿಹಲಗೆಯ ಮೇಲೆ ಸಾರಜನಕದ ಚಕ್ರ ಬರೆದೆ. ನೀರಿನ ಪ್ರಾಣಿಗಳು ಅಮೋನಿಯ ಹೊರಹಾಕುತ್ತವೆ, ಅದು ವಿಷ. ಕೆಲವು ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಬೇರೆ ಬ್ಯಾಕ್ಟೀರಿಯಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ, ಅದರ ಅಪಾಯ ಕಡಿಮೆ. ಈ ಬ್ಯಾಕ್ಟೀರಿಯಗಳು ಅಂಟಿಕೊಂಡು ಬೆಳೆಯಲು ಜಾಗ ಬೇಕು. ಸಣ್ಣಕಲ್ಲಿನ ಹಾಸಿನಲ್ಲಿ ಅಂಥ ಜಾಗ ಹೇರಳ. "ಆದ್ದರಿಂದ ಎರಡು ಅಂಗುಲ ಸಣ್ಣಕಲ್ಲು ಹಾಕು" ಎಂದೆ. ಹುಡುಗಿ ಎಲ್ಲವನ್ನೂ ನೋಟ್‌ಪುಸ್ತಕದಲ್ಲಿ ಬರೆದುಕೊಂಡು ಹೋದಳು.

ನಾನು ಹೇಳಿದ ರಸಾಯನಶಾಸ್ತ್ರದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆ ಪ್ರಾಣಿ ಹೇಗೆ ತಿನ್ನುತ್ತದೆ ಎಂಬುದನ್ನು ಮಾತ್ರ ನಾನು ಕೇಳಲೂ ಇಲ್ಲ, ಯೋಚಿಸಲೂ ಇಲ್ಲ.

ಐದಾರು ವಾರ ಕಳೆಯಿತು. ಒಂದು ಆಕ್ಸೊಲಾಟಲ್ ಸರಿಯಾಗಿ ತಿನ್ನುತ್ತಿಲ್ಲ, ಹೊಟ್ಟೆ ಉಬ್ಬಿದೆ, ಆಗಾಗ ಮೇಲೆ ತೇಲುತ್ತದೆ ಎಂದು ಹುಡುಗಿ ಬಂದು ಹೇಳಿದಳು. "ಹೊಸ ಜಾಗ ಅಲ್ವೇನಮ್ಮ, ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು" ಎಂದು ಸಮಾಧಾನ ಹೇಳಿ ಕಳಿಸಿದೆ. ಇದು ನನ್ನ ಎರಡನೆಯ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು. ಆಗಲಾದರೂ ವೈದ್ಯರಿಗೆ ತೋರಿಸಿ ಎಂದಿದ್ದರೆ ಅದು ಉಳಿಯುತ್ತಿತ್ತೋ ಏನೋ.

ಮುಂದಿನ ಸೋಮವಾರ ಅವಳು ಶಾಲೆಗೆ ಬರಲಿಲ್ಲ. ಮಂಗಳವಾರ ಬಂದವಳು ನೇರವಾಗಿ ನನ್ನ ಮೇಜಿನ ಹತ್ತಿರ ಬಂದು ಈ ಬೆಂಕಿಪೊಟ್ಟಣ ಇಟ್ಟಳು.

"ಸರ್, ಇದು ಅದರ ಹೊಟ್ಟೇಲಿತ್ತು."

ಸತ್ತದ್ದನ್ನೂ ಬದುಕಿದ್ದದ್ದನ್ನೂ ಅವಳ ತಂದೆ ಪಶುವೈದ್ಯರ ಬಳಿ ಒಯ್ದಿದ್ದರು. ಸತ್ತದ್ದನ್ನು ಕೊಯ್ದು ನೋಡಿದಾಗ ಸಿಕ್ಕಿದ್ದು ಈ ಒಂಬತ್ತು ಕಲ್ಲು. ಬದುಕಿದ್ದದ್ದರ ಎಕ್ಸ್-ರೇ ತೆಗೆದರೆ ಅದರ ಹೊಟ್ಟೆಯಲ್ಲೂ ಎರಡು ಕಲ್ಲು ಕಂಡವು. "ನೀವೇ ಹೇಳಿದ್ರಲ್ಲ, ಸರ್" ಎಂದು ಅವಳು ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಅನ್ನಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದಳು:

"ಕಾಲು ಕತ್ತರಿಸಿದ್ರೂ ಮತ್ತೆ ಬೆಳೆಯುತ್ತೆ ಅಂತ ಪಾಠದಲ್ಲಿ ಹೇಳಿದ್ರಲ್ಲ, ಸರ್. ಮತ್ತೆ ಕಲ್ಲಿಗೆ ಯಾಕೆ ಸತ್ತೋಯ್ತು?"

ಆ ದಿನ ಮೊದಲ ಬಾರಿಗೆ ನಾನು ಥಟ್ಟನೆ ಉತ್ತರ ಹೇಳಲಿಲ್ಲ. "ನನಗೆ ಗೊತ್ತಿಲ್ಲಮ್ಮ. ಓದಿ ಹೇಳ್ತೀನಿ" ಎಂದೆ. ಸಂಜೆ ಅವಳ ತಂದೆಗೆ ಫೋನ್ ಮಾಡಿ, ಸಲಹೆ ಕೊಟ್ಟವನು ನಾನೇ, ತಪ್ಪು ನನ್ನದೇ ಎಂದು ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಿ ಸಾರ್, ಇನ್ನೊಂದನ್ನ ಉಳಿಸಿಕೊಳ್ಳೋ ದಾರಿ ನೋಡೋಣ" ಎಂದರು.

ಮುಂದಿನ ಎರಡು ವಾರ ನಾನು ಓದಿದ್ದನ್ನು ವಿದ್ಯಾರ್ಥಿಗಳಿಗೂ ಪೋಷಕರಿಗೂ ಇಲ್ಲಿ ಹೇಳುತ್ತಿದ್ದೇನೆ. ಇಂಥ ಪ್ರಾಣಿ ಸಾಕುವ ಮನೆಗಳು ಈಗ ನಮ್ಮ ಊರುಗಳಲ್ಲೂ ಇರುವುದರಿಂದ ಯಾರಿಗಾದರೂ ಉಪಯೋಗವಾದೀತು.

ಆಕ್ಸೊಲಾಟಲ್ ನಮ್ಮ ನೆಲದ್ದಲ್ಲ. ಪಶ್ಚಿಮಘಟ್ಟದಲ್ಲಿ ಬಗೆಬಗೆಯ ಕಪ್ಪೆಗಳಿವೆ, ಮಣ್ಣೊಳಗೆ ಹುಳುವಿನಂತೆ ಬದುಕುವ ಕಾಲಿಲ್ಲದ ಉಭಯವಾಸಿಗಳಿವೆ. ಆದರೆ ಕರ್ನಾಟಕದಲ್ಲಿ ಸಾಲಮ್ಯಾಂಡರ್ ಇಲ್ಲ. ಅದರ ಜಾತಿಯವನ್ನು ಭಾರತದಲ್ಲಿ ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಿಗೆ ಹೋಗಬೇಕು. ಆಕ್ಸೊಲಾಟಲ್‌ನ ತವರು ಮೆಕ್ಸಿಕೊ ದೇಶದ ರಾಜಧಾನಿಯ ದಕ್ಷಿಣಕ್ಕಿರುವ ಸೊಚಿಮಿಲ್ಕೊ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ತಣ್ಣನೆಯ ನೀರಿನ ಕಾಲುವೆಗಳು. ಅಲ್ಲಿನ ರೈತರು ನೂರಾರು ವರ್ಷಗಳಿಂದ ಕೆರೆಯ ಕೆಸರನ್ನೂ ಗಿಡಗಂಟಿಗಳನ್ನೂ ಪೇರಿಸಿ ನೀರಿನ ನಡುವೆ ಚಿನಾಂಪ ಎಂಬ ಹೊಲಗಳನ್ನು ಮಾಡಿಕೊಂಡಿದ್ದಾರೆ. ನೀರಿನ ತಳವೆಲ್ಲ ಮೆತ್ತನೆಯ ಕೆಸರು. ಆ ಪ್ರಾಣಿ ತಲೆತಲಾಂತರದಿಂದ ಬಾಯಿ ತೆರೆದು ಮುಚ್ಚಿದ್ದು ಅಂಥ ತಳದ ಮೇಲೆ. ನಮ್ಮ ಅಂಗಡಿಗಳಲ್ಲಿ ಸಿಗುವ ನೀಲಿ ಕಲ್ಲು ಅದಕ್ಕೆ ಗೊತ್ತೇ ಇಲ್ಲ.

ಈಗ ಅದು ತಿನ್ನುವ ರೀತಿ ನೋಡಿ. ಅದರ ಕಣ್ಣು ಮಂದ. ವಾಸನೆಯಿಂದ, ನೀರಿನ ಅಲುಗಾಟದಿಂದ ಬೇಟೆಯನ್ನು ಗುರುತಿಸುತ್ತದೆ. ಹುಳು ಹತ್ತಿರ ಬಂದೊಡನೆ ಫಕ್ಕನೆ ಬಾಯಿ ತೆರೆದು ಗಂಟಲಿನ ತಳವನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ. ಬಾಯೊಳಗಿನ ಜಾಗ ಒಮ್ಮೆಗೇ ಹಿಗ್ಗುವುದರಿಂದ ಒತ್ತಡ ಇಳಿದು ಹೊರಗಿನ ನೀರು ಒಳಕ್ಕೆ ನುಗ್ಗುತ್ತದೆ. ಆ ನೀರಿನ ಜೊತೆ ಹುಳುವೂ ಬರುತ್ತದೆ, ಹುಳುವಿನ ಅಕ್ಕಪಕ್ಕ ಏನಿದೆಯೋ ಅದೂ ಬರುತ್ತದೆ. ಹಲ್ಲುಗಳು ಚಿಕ್ಕವು, ಹಿಡಿದುಕೊಳ್ಳುವುದಕ್ಕೆ ಮಾತ್ರ. ಅಗಿಯುವ ಮಾತೇ ಇಲ್ಲ, ಇಡಿಯಾಗಿ ನುಂಗುವುದೇ. ನಾವು ಅನ್ನದಲ್ಲಿ ಕಲ್ಲು ಸಿಕ್ಕರೆ ಆರಿಸಿ ತೆಗೆಯುತ್ತೇವೆ. ಅದಕ್ಕೆ ಆ ಅವಕಾಶ ಕಡಿಮೆ. ಹುಡುಗಿ ದಿನವೂ ಎರೆಹುಳು ಹಾಕುತ್ತಿದ್ದಳು. ಹುಳು ಸಣ್ಣಕಲ್ಲುಗಳ ಸಂದಿಗೆ ಇಳಿಯುತ್ತಿತ್ತು. ಪಾಪದ ಪ್ರಾಣಿ ಹುಳುವಿನ ಜೊತೆ ಕಲ್ಲನ್ನೂ ನುಂಗುತ್ತಿತ್ತು. ಒಳಗೆ ಹೋದ ಕಲ್ಲು ಕರುಳಿನಲ್ಲಿ ಸಿಕ್ಕಿಕೊಂಡರೆ ದಾರಿ ಮುಚ್ಚಿತು.

ಹುಡುಗಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅದರ ದೇಹಕ್ಕೆ ಕಳೆದುಹೋದದ್ದನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿಯಿದೆ. ಕಾಲು, ಬಾಲ, ಬೆನ್ನುಹುರಿಯ ತುಂಡನ್ನೂ ಬೆಳೆಸಿಕೊಳ್ಳುತ್ತದೆ. ಆದರೆ ಒಳಗೆ ಸೇರಿಕೊಂಡದ್ದನ್ನು ಹೊರಗೆ ಹಾಕುವುದು ಬೇರೆಯೇ ಕೆಲಸ. ಅದಕ್ಕೆ ಆ ಶಕ್ತಿ ನೆರವಾಗುವುದಿಲ್ಲ.

ಹಾಗಾದರೆ ತಳಕ್ಕೆ ಏನು ಹಾಕಬೇಕು? ಓದಿದ್ದನ್ನೆಲ್ಲ ಸೋಸಿದ ಮೇಲೆ ನನಗೆ ಉಳಿದ ಸೂತ್ರ ಒಂದೇ. ತಳದಲ್ಲಿರುವ ವಸ್ತು ಒಂದೋ ಚಿರೋಟಿ ರವೆಯಷ್ಟು ಸಣ್ಣದಾಗಿರಬೇಕು, ಇಲ್ಲವೇ ಪ್ರಾಣಿಯ ತಲೆಗಿಂತ ದೊಡ್ಡದಾಗಿರಬೇಕು. ನುಂಗಿದರೆ ಸಲೀಸಾಗಿ ಹೊರಗೆ ಹೋಗಬೇಕು, ಇಲ್ಲವಾದರೆ ನುಂಗುವುದಕ್ಕೇ ಆಗಬಾರದು. ನಡುವಿನ ಗಾತ್ರದ್ದೆಲ್ಲ ಅಪಾಯ. ಸಾಸಿವೆ, ಹೆಸರುಕಾಳು, ಕಡಲೆ, ಗೋಲಿ, ಇವುಗಳ ಗಾತ್ರದ ಯಾವ ಕಲ್ಲೂ ಬೇಡ. ಅದು ನೀಲಿಯಾದರೂ ಅಷ್ಟೆ, ನದಿಯ ಕಲ್ಲಾದರೂ ಅಷ್ಟೆ.

ಎಲ್ಲಕ್ಕಿಂತ ಸುಲಭದ ದಾರಿ ತಳಕ್ಕೆ ಏನೂ ಹಾಕದಿರುವುದು. ಬರಿಯ ಗಾಜು. ಮಲ, ಉಳಿದ ಆಹಾರ ಕಣ್ಣಿಗೆ ಕಾಣುತ್ತದೆ, ಕೊಳವೆಯಿಂದ ಹೀರಿ ತೆಗೆಯುವುದು ಸಲೀಸು. ಸುಮಾರು 15 ಸೆಂಟಿಮೀಟರ್ ಉದ್ದ ಬೆಳೆಯುವವರೆಗೆ ಮರಿಗಳಿಗೆ ಇದೇ ಕ್ಷೇಮ. ಇದರ ಕೊರತೆ ಎಂದರೆ ಜಾರಿಕೆ. ಆಕ್ಸೊಲಾಟಲ್ ಮೀನಿನಂತೆ ಸದಾ ಈಜುವುದಿಲ್ಲ, ತಳದಲ್ಲಿ ನಡೆಯುತ್ತದೆ. ಎಣ್ಣೆ ಬಿದ್ದ ಮೊಸಾಯಿಕ್ ನೆಲದ ಮೇಲೆ ನಾವು ನಡೆದಂತೆ ಅದರ ಪಾಡು.

ಜಾರಿಕೆ ತಪ್ಪಿಸಲು ಒರಟು ಮೈಯ, ಹೊಳಪಿಲ್ಲದ ಟೈಲ್ಸ್ ಹಾಸಬಹುದು. ಅಂಚುಗಳು ಚೂಪಾಗಿರಬಾರದು. ಟೈಲ್ಸ್ ಅಡಿಯಲ್ಲಿ ಕಸ ಸೇರುತ್ತದೆ, ಆಗಾಗ ಎತ್ತಿ ತೊಳೆಯಬೇಕು. ಗೋಡೆಗೆ ಅಂಟಿಸಿ ಕಿತ್ತ ಹಳೆಯ ಟೈಲ್ಸ್ ಬೇಡ. ಅದರಲ್ಲಿ ಸಿಮೆಂಟಿನ ಅಂಶ ಉಳಿದಿರುತ್ತದೆ.

ಮೂರನೆಯದು ಮರಳು. ದೊಡ್ಡ ಪ್ರಾಣಿಗೆ ಇದು ಕಾಲೂರಲು ಹಿತ. ಆದರೆ ಕಣ ಒಂದು ಮಿಲಿಮೀಟರಿಗಿಂತ ಸಣ್ಣದಿರಬೇಕು, ದುಂಡಗಿರಬೇಕು. ಇಲ್ಲೊಂದು ಎಚ್ಚರಿಕೆ. ಮರಳು ಎಂದೊಡನೆ ಹುಡುಗಿಯ ತಂದೆ ಎದುರಿನ ಕಟ್ಟಡದ ಕೆಲಸದವರಿಂದ ಒಂದು ಬುಟ್ಟಿ ತಂದಿಟ್ಟಿದ್ದರು. ಒಂದು ಚಿಟಿಕೆ ಕೈಗೆ ಹಾಕಿಕೊಂಡು ಲೆನ್ಸಿನಲ್ಲಿ ನೋಡಿದೆ. ಅದು ಎಂ-ಸ್ಯಾಂಡ್. ಬಂಡೆಯನ್ನು ಯಂತ್ರದಲ್ಲಿ ಪುಡಿಮಾಡಿದ್ದು. ಪ್ರತಿ ಕಣಕ್ಕೂ ಗಾಜಿನ ಚೂರಿನಂಥ ಮೂಲೆಗಳು. ಗೋಡೆಗೆ ಅದು ಒಳ್ಳೆಯದು, ಮೆತ್ತನೆ ಚರ್ಮದ ಪ್ರಾಣಿಗೆ ಅಲ್ಲ. ನೀರಿನಲ್ಲಿ ಉರುಳಿ ಉರುಳಿ ಮೂಲೆ ಸವೆದ ಮರಳೇ ಬೇಕು. ಅದನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಎರಡು ಸೆಂಟಿಮೀಟರ್ ಮೀರದಂತೆ ಹರಡಬೇಕು. ಹೆಚ್ಚು ದಪ್ಪವಾದರೆ ಅಡಿಯಲ್ಲಿ ಆಮ್ಲಜನಕ ಸುಳಿಯದೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹುಟ್ಟುತ್ತದೆ. ವಾರಕ್ಕೊಮ್ಮೆ ಬೆರಳಿನಿಂದ ಮೆಲ್ಲಗೆ ಕದಡಿದರೆ ಆ ತೊಂದರೆಯಿಲ್ಲ. ಮರಳಿದ್ದರೂ ಆಹಾರವನ್ನು ಒಂದು ತಟ್ಟೆಯಲ್ಲಿ ಅಥವಾ ಇಕ್ಕಳದಿಂದ ಕೊಡುವುದೇ ಮೇಲು.

ಅಲಂಕಾರಕ್ಕೆ ಕಲ್ಲು ಬೇಕೇ ಬೇಕು ಎನ್ನುವವರು ಅಂಗೈಯಗಲದ ನುಣುಪಾದ ಕಲ್ಲುಗಳನ್ನಿಡಿ. ಇಡುವ ಮುನ್ನ ಅದರ ಮೇಲೆ ನಾಲ್ಕು ಹನಿ ವಿನಿಗರ್ ಬಿಟ್ಟು ನೋಡಿ. ನೊರೆ ಬಂದರೆ ಸುಣ್ಣದ ಅಂಶವಿದೆ ಎಂದರ್ಥ, ಅದು ನಿಧಾನವಾಗಿ ನೀರಿನ ಗಡಸುತನವನ್ನು ಏರಿಸುತ್ತದೆ. ಆಕ್ಸೊಲಾಟಲ್ ಸ್ವಲ್ಪ ಗಡಸು ನೀರನ್ನು ಸಹಿಸಿಕೊಳ್ಳುವ ಪ್ರಾಣಿಯೇ. ಆದರೂ ತೊಟ್ಟಿಗೆ ಏನು ಸೇರುತ್ತಿದೆ ಎಂಬುದು ನಮಗೆ ತಿಳಿದಿರಬೇಕು.

ಇನ್ನು ನಾನು ಕರಿಹಲಗೆಯ ಮೇಲೆ ಬರೆದಿದ್ದ ಬ್ಯಾಕ್ಟೀರಿಯಗಳ ಗತಿಯೇನು? ಅವಕ್ಕೆ ಕಲ್ಲೇ ಆಗಬೇಕೆಂದಿಲ್ಲ. ಒಂದು ಸ್ಪಂಜಿನ ಫಿಲ್ಟರ್ ಸಾಕು. ಅದರ ಸಾವಿರಾರು ರಂಧ್ರಗಳಲ್ಲಿ ಅವು ಸುಖವಾಗಿ ಮನೆ ಮಾಡಿಕೊಳ್ಳುತ್ತವೆ. ಬದಲಿಗೆ ಸಣ್ಣಕಲ್ಲಿನ ಸಂದಿಯಲ್ಲಿ ಕಸ ಕೊಳೆತು ಅಮೋನಿಯ ಹೆಚ್ಚುವ ಅಪಾಯವೇ ಇದೆ. ನನ್ನ ಗೋಲ್ಡ್ ಫಿಷ್‌ಗಳು ಕಲ್ಲನ್ನು ಬಾಯಲ್ಲಿ ಹಾಕಿಕೊಂಡು ಉಗಿಯುವುದನ್ನು ಇಷ್ಟು ವರ್ಷ ನೋಡಿದ್ದೆ. ಎಲ್ಲ ಪ್ರಾಣಿಯೂ ಉಗಿಯುತ್ತದೆ ಎಂದು ಯಾರು ಹೇಳಿದ್ದರು?

ಈ ಪ್ರಾಣಿಯ ಮುಂದೆ ಬೆಪ್ಪಾದವನು ನಾನೊಬ್ಬನೇ ಅಲ್ಲ ಎಂದು ಓದಿ ತುಸು ಸಮಾಧಾನವಾಯಿತು. 1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್ಸಿಗೆ 34 ಆಕ್ಸೊಲಾಟಲ್‌ಗಳು ಬಂದವು. ಅವುಗಳಲ್ಲಿ ಕೆಲವನ್ನು ಸಾಕಿದವರು ಆಗಸ್ಟ್ ದ್ಯುಮೆರಿಲ್ ಎಂಬ ದೊಡ್ಡ ಪ್ರಾಣಿಶಾಸ್ತ್ರಜ್ಞರು. ಅವು ನೀರಿನಲ್ಲೇ ಮರಿ ಮಾಡಿದವು. ಆ ಮರಿಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಕಿವಿರು ಕಳೆದುಕೊಂಡು ನೆಲದ ಮೇಲಿನ ಸಾಲಮ್ಯಾಂಡರ್‌ಗಳಾಗಿ ಬದಲಾದವು. ದ್ಯುಮೆರಿಲ್ ಬೆರಗಾದರು. ಗೊದಮೊಟ್ಟೆಯ ರೂಪದಲ್ಲೇ ದೊಡ್ಡದಾಗಿ ಸಂತಾನ ಪಡೆಯುವ ಈ ವಿಚಿತ್ರ ಲೋಕಕ್ಕೆ ತಿಳಿದದ್ದು ಹಾಗೆ. ಗೊತ್ತಿದೆ ಎಂದುಕೊಳ್ಳದೆ ಅವರು ನೋಡುತ್ತಾ, ಬರೆದಿಡುತ್ತಾ ಹೋದರು. ನಾನು ನೋಡುವುದಕ್ಕೆ ಮೊದಲೇ ಹೇಳಿದೆ.

ಪೋಷಕರಿಗೆ ಒಂದು ಮಾತು. ತಳ ಆರಿಸುವ ಮೊದಲು, ಈ ಪ್ರಾಣಿಯನ್ನು ತರಲೇಬೇಕೇ ಎಂದು ಯೋಚಿಸಿ. ಅದಕ್ಕೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನ ನೀರು ಹಿತ. 24 ದಾಟಿದರೆ ಕಷ್ಟ. ನಮ್ಮ ಬೇಸಿಗೆಯಲ್ಲಿ ನೀರು ತಣ್ಣಗಾಗಿಸುವ ಯಂತ್ರವಿಲ್ಲದೆ ಅದು ಸಾಧ್ಯವಿಲ್ಲ. ಯಂತ್ರದ ಬೆಲೆ, ಕರೆಂಟಿನ ಬಿಲ್ಲು ಎರಡೂ ಸಣ್ಣವಲ್ಲ. ನಲ್ಲಿ ನೀರಿನ ಕ್ಲೋರಿನ್ ತೆಗೆಯಬೇಕು. ಜೊತೆಗೆ ಇದು ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಇಂಥವನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕು. ಸಾಕಿ ಬೇಸರವಾಯಿತೆಂದು ಕೆರೆಗೆ ಬಿಡುವುದಂತೂ ಕೂಡದು. ಹೊರಗಿನಿಂದ ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳು, ಕೆಟ್ಟ ನೀರು, ಎರಡೂ ಸೇರಿ ಆಕ್ಸೊಲಾಟಲ್‌ನ ತವರನ್ನೇ ಹಾಳುಮಾಡಿವೆ. ಸೊಚಿಮಿಲ್ಕೊದಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು, 2014ರ ಎಣಿಕೆಯಲ್ಲಿ 36ಕ್ಕೆ ಇಳಿದಿದ್ದವು. ಮನೆಗಳ ತೊಟ್ಟಿಗಳಲ್ಲಿ ಲೆಕ್ಕವಿಲ್ಲದಷ್ಟಿವೆ, ತವರಿನಲ್ಲಿ ಬೆರಳೆಣಿಕೆಗೆ ಬಂದಿವೆ.

ಉಳಿದ ಆಕ್ಸೊಲಾಟಲ್‌ನ ಕಥೆ ಹೇಳುವುದು ಬಾಕಿಯಿದೆ. ವೈದ್ಯರ ಸಲಹೆಯಂತೆ ಅದನ್ನು ಕಲ್ಲಿಲ್ಲದ ಬರಿಯ ಟಬ್ಬಿನಲ್ಲಿ ತಂಪು ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ ಕಾಯ್ದರು. ಆರನೆಯ ದಿನ ಒಂದು ಕಲ್ಲು ಹೊರಬಂತು. ಹುಡುಗಿ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತೇ ನನಗೆ ಒಂದು ಬೆರಳು ತೋರಿಸಿದಳು. ಹನ್ನೆರಡನೆಯ ದಿನ ಎರಡು ಬೆರಳು ತೋರಿಸಿದಳು. ನನ್ನ ಕಣ್ಣು ತೇವವಾದದ್ದನ್ನು ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು ನೋಡಿ, "ಏನ್ರೀ, ಧೂಳೇ?" ಎಂದರು. ಹೌದು ಎಂದೆ.

ಆ ವಾರವೇ ಎಂಟನೇ ತರಗತಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ, ನನ್ನ ತಪ್ಪು ಸಹಿತವಾಗಿ. ಹುಡುಗಿಯ ಒಪ್ಪಿಗೆ ಮೊದಲೇ ಕೇಳಿದ್ದೆ. ತರಗತಿ ನಿಶ್ಶಬ್ದವಾಗಿತ್ತು. ನನ್ನ ಮರ್ಯಾದೆ ಹೋಯಿತೋ ಇಲ್ಲವೋ ಅವರೇ ಹೇಳಬೇಕು. ಆದರೆ ಅಂದಿನಿಂದ ಮಕ್ಕಳು ಕೇಳುವ ಪ್ರಶ್ನೆಗಳು ಹೆಚ್ಚಿವೆ. ನಾನು "ನಾಳೆ ಹೇಳ್ತೀನಿ" ಎನ್ನುವುದೂ ಹೆಚ್ಚಿದೆ. ಅವರೇ ಓದಿಕೊಂಡು ಬಂದು ನನಗೆ ಹೇಳುವುದೂ ಉಂಟು.

ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಅಡುಗೆಮನೆಯ ರವೆ ಜರಡಿ ಅಮ್ಮನ ಕೈ ತಪ್ಪಿ ಮಗಳ ಪಾಲಾಗಿದೆ. ತಾಯಿ ಹೊಸದು ಕೊಂಡಿದ್ದಾರೆ. ಜರಡಿ ಹಿಡಿದ ಮರಳು ತೊಟ್ಟಿಯ ತಳದಲ್ಲಿ ತೆಳುವಾಗಿ ಹರಡಿತ್ತು. ಅದರ ಮೇಲೆ ಗೇಣುದ್ದದ ಆ ಪ್ರಾಣಿ ಒಂದೊಂದೇ ಹೆಜ್ಜೆ ಊರುತ್ತಾ ತಟ್ಟೆಯ ಕಡೆಗೆ ನಡೆಯುತ್ತಿತ್ತು.

"ಸರ್, ಒಂದು ಮೊಲ ಸಾಕಬೇಕು ಅಂತ ನನ್ನ ತಂಗಿ ಹಟ ಮಾಡ್ತಿದಾಳೆ. ಅದರ ಗೂಡಿನ ತಳಕ್ಕೆ ಏನು ಹಾಕಬೇಕು?" ಎಂದಳು ಹುಡುಗಿ.

"ಮೊಲ ಏನು ತಿನ್ನುತ್ತೆ, ಹೇಗೆ ತಿನ್ನುತ್ತೆ? ಮೊದಲು ಇಬ್ಬರೂ ಓದೋಣ" ಎಂದೆ.